ಇನ್ನೂರೈವತ್ತು ಪದಗಳ ಒಳಗೆ

ಕಳೆದ ಸಲದ ಅರ್ಜಿಯಿಂದೀಚೆಗೆ
ನಿಮ್ಮಲ್ಲಿ ಏನು ಬದಲಾಗಿದೆ?
ಇನ್ನೂರೈವತ್ತು ಪದಗಳ ಒಳಗೆ ಬರೆಯಿರಿ,
ಅನ್ನುತ್ತದೆ ಸಾಂತಿಯಾಗೋದ ಬಿಸಿನೆಸ್ ಸ್ಕೂಲು.

ನಾಲ್ಕನೇ ಪಂಪಿನ ಬೇರಿಂಗು ಬದಲಾಗಿದೆ.
ಗಣಿ ಕ್ಯಾಂಟೀನಿನ ರೊಟ್ಟಿ ಬದಲಾಗಿದೆ, ಇನ್ನೂ ಚಿಕ್ಕದು.
ಕಲಾಮಾದ ಆಕಾಶ ಬದಲಾಗಿಲ್ಲ:
ಮೂವತ್ತೊಂದು ವರ್ಷದಲ್ಲಿ ನಾನು
ಕೊಡೆ ಕೊಂಡವಳಲ್ಲ.

ಹೋದ ವರ್ಷ ಬರೆದಿದ್ದೆ: ನಾಯಕತ್ವ, ದೂರದೃಷ್ಟಿ, ಜಾಗತಿಕ ಮತ್ತೊಂದು.
ಇಸ್ತ್ರಿ ಮಾಡಿದ ಎರವಲು ಅಂಗಿಯಂಥ ಮಾತು.
ಸಂದರ್ಶನದಲ್ಲಿ ಒಬ್ಬಾಕೆ ಕೇಳಿದಳು,
"ಇಂಜಿನಿಯರ್ ಯಮಿಲೆತ್, ಕೆಲಸವಿದೆ, ಸಂಬಳವಿದೆ,
ಮತ್ತೆ ಇಲ್ಲೇಕೆ?"
ತಾಮ್ರದ ಆ ದಿನದ ಬೆಲೆ ಹೇಳಿಬಿಟ್ಟೆ.
ಯಾರೂ ಕೇಳಿರಲಿಲ್ಲ ಅದನ್ನು.

ಆಗುವುದಿಲ್ಲ ಎಂಬ ಪತ್ರ ಜೇಬಿನಲ್ಲಿ ನಡುಗಿದಾಗ
ಪಂಪಿನಡಿ ಅಂಗಾತ ಮಲಗಿದ್ದೆ,
ಟಾರ್ಚು ಹಲ್ಲಲ್ಲಿ ಕಚ್ಚಿಕೊಂಡು.
ಬಾಯಿ ತುಂಬಿತ್ತಾಗಿ ಏನೂ ಅನ್ನಲಿಲ್ಲ.

ಈ ಸಲ ಹೀಗೆ:
ಫೆಬ್ರವರಿಯಲ್ಲಿ ವರದಿ ಕೊಟ್ಟೆ,
ಹನ್ನೊಂದನೇ ವಾಲ್ವು ತೇದಿದೆ, ಬದಲಿಸಿ.
ಮೇಲಿಂದ ಒಂದೇ ಸಾಲು ಬಂತು,
ಮುಂದಿನ ತ್ರೈಮಾಸಿಕಕ್ಕೆ.
ಆ ಪದದ ಅರ್ಥ ನನಗೆ ಗೊತ್ತಿತ್ತು,
ಆಮ್ಲಕ್ಕೆ ಗೊತ್ತಿರಲಿಲ್ಲ.

ವ್ಯಾಪಾರದಲ್ಲಿ ಕೈ ಸುಟ್ಟುಕೊಂಡರು ಅಂತಾರಲ್ಲ,
ಸುಟ್ಟದ್ದು ದೋನ್ ಎಲೆಯುತೇರಿಯೊ ಅವರ ಬಲಗೈ.
ವ್ಯಾಪಾರ ಅವರದಲ್ಲ.
ಈಗ ಎಡಗೈಯಲ್ಲಿ ಸಹಿ ಕಲಿಯುತ್ತಿದ್ದಾರೆ
ಮೊಮ್ಮಗಳ ಕಾಪಿ ಪುಸ್ತಕದಲ್ಲಿ;
"ಅವಳದೇ ಚೆಂದ" ಅಂತ ನಗುತ್ತಾರೆ.
ನಗು ಬರಲಿಲ್ಲ, ಆದರೂ ನಕ್ಕೆ.

ಆ ಒಂದು ಸಾಲು ಬರೆಯುವ ಕೋಣೆಯಲ್ಲಿ
ಯಾವ ಲೆಕ್ಕ ಹಾಕುತ್ತಾರೆ, ಕಲಿಯಬೇಕು.
ಅಲ್ಲಿ ಕುರ್ಚಿ ಸಿಕ್ಕರೆ ನಾನೂ ಅದನ್ನೇ ಬರೆದೇನೇ?
ಗೊತ್ತಿಲ್ಲ.
ಇದನ್ನು ಅರ್ಜಿಯಲ್ಲಿ ಹಾಕಿಲ್ಲ.

ಶಿಫಾರಸು ಪತ್ರ ಮುಗಿಸಿ ಮೇಲ್ವಿಚಾರಕ ಗೊಣಗಿದ:
"ಹೋದ ಸಲ ದೇವರು ದೊಡ್ಡವನು, ನಿನ್ನ ಬಿಟ್ಟರು.
ಈ ಸಲ ನಾನೇ ಚೆನ್ನಾಗಿ ಬರೆದುಬಿಟ್ಟೆ, ನೋಡು."

ಪರದೆ ಎಣಿಸುತ್ತದೆ: ಇನ್ನೂರೈವತ್ತೆರಡು.
ಎಲೆಯುತೇರಿಯೊ ಚೋಕೆ ಮಾಮಾನಿ, ಮೂರು ಪದ.
ಕಾರ್ಮಿಕ ಅಂದರೆ ಒಂದೇ.
ಬೆರಳು ಅಲ್ಲೇ ಸ್ವಲ್ಪ ಹೊತ್ತು ನಿಂತಿತು.
ಆಮೇಲೆ ಕೊನೆಯ 'ತುಂಬು ಧನ್ಯವಾದ'
ಕಿತ್ತುಹಾಕಿದೆ.

ಪಾಳಿಯ ರೇಡಿಯೋ ಗುರುಗುಟ್ಟಿತು,
ಎರಡನೇ ಪಂಪು ಏನೋ ಸದ್ದು ಮಾಡುತ್ತಿದೆಯಂತೆ.
ಅರ್ಜಿ ಕಳಿಸಿ
ಹೆಲ್ಮೆಟ್ಟು ಹುಡುಕತೊಡಗಿದೆ.