ಹಿಮ್ಮಡಿ ಲೆಕ್ಕ

ಪುಂಟಾ ಅರೇನಸ್ಸಿನಲ್ಲಿ ಗಾಳಿಗೆ ಬಿಡುವಿನ ದಿನವಿಲ್ಲ.
ನನಗುಂಟು.
ಕೆಟ್ಟ ಕಂಪ್ಯೂಟರ್ ಹುಡುಕಿಕೊಂಡು ಊರು ಸುತ್ತುವವನು ನಾನು,
ದಾನ್ಕೊ ಮಿಮಿತ್ಸಾ,
ಹೆಗಲ ಚೀಲದಲ್ಲಿ ಸ್ಕ್ರೂಡ್ರೈವರ್, ಅರ್ಧ ತಿಂದ ಬ್ರೆಡ್ಡು.

ಬೂಟು ರಿಪೇರಿಯ ಎದುವೀನಾ ಬರ್ರಿಯಾ ಹೇಳಿಕಳಿಸಿದಳು.
ಎರಡು ಮೊಳೆ ತುಟಿಯಲ್ಲಿ ಕಚ್ಚಿಕೊಂಡೇ ಮಾತು:
‘ನಿಧಾನವಾಗಿದೆ. ನನಗಿಂತ.’

ಧೂಳು ಊದಿದೆ. ಮೆಮೊರಿ ಸೇರಿಸಿದೆ. ಸಾಲದ್ದಕ್ಕೆ
ಅಂಗಡಿ ಲೆಕ್ಕಕ್ಕೆಂದೇ ಮಾಡಿದ ದೊಡ್ಡ ತಂತ್ರಾಂಶವೊಂದನ್ನು
ನನ್ನ ಲೆಕ್ಕದಲ್ಲಿ ಉಡುಗೊರೆ ಎಂದು ಹಾಕಿಕೊಟ್ಟು ಬಂದೆ.
ಬಣ್ಣಬಣ್ಣದ ನಕ್ಷೆ, ಗಂಟೆಯ ಸದ್ದು,
ಗಿರಾಕಿಯ ಹುಟ್ಟುಹಬ್ಬಕ್ಕೊಂದು ಕೇಕಿನ ಚಿತ್ರ.

ಮೂರನೇ ದಿನ ಮತ್ತೆ ಕರೆ.
‘ತೆಗಿ ಇದನ್ನ.
ನೀರು ಕೇಳಿದರೆ ಕುಲಗೋತ್ರ ಕೇಳುತ್ತೆ.
ಒಂದು ಅಟ್ಟೆ ಬರೆಯೋಕೆ ಏಳು ಬಾಗಿಲು ದಾಟಬೇಕು,
ಎಂಟನೇದರಲ್ಲಿ ಪಾಸ್‌ವರ್ಡು.’

ತೆಗೆದೆ.
ಅವಳು ತನ್ನ ಹಳೇ ನೋಟ್‌ಪ್ಯಾಡ್ ತೆರೆದಳು.
ತೆರೆದಳು ಅನ್ನುವಷ್ಟರಲ್ಲಿ ತೆರೆದಿತ್ತು.
ಬಿಳಿ. ಅದರೊಳಗೆ ಒಂದು ಕಪ್ಪು ಕಡ್ಡಿ,
ಉಸಿರಾಡುತ್ತಾ,
ಹೇಳು, ನಾನೇನೂ ಕೇಳುವುದಿಲ್ಲ ಎಂಬಂತೆ.

ಫೈಲಿನ ಹೆಸರು ಬರೀ ‘ಬೂಟು’.

*ಮಂಗಳವಾರ. ಪೋಸ್ಟಿನವನು. ಬಲ ಅಟ್ಟೆ. ನಾಲ್ಕು ಸಾವಿರ. ಕೊಟ್ಟ.*
*ಬುಧವಾರ. ಮದುಮಗಳು. ಹಿಮ್ಮಡಿ ಗಿಡ್ಡ ಮಾಡಬೇಕಂತೆ. ಗಂಡು ಕುಳ್ಳ.*
*ಗುರುವಾರ. ಗಾಳಿ. ಯಾರೂ ಇಲ್ಲ.*

ಹನ್ನೆರಡು ವರ್ಷ ಹೀಗೇ, ಕೆಳಕ್ಕೆ, ಕೆಳಕ್ಕೆ.
ದಪ್ಪಕ್ಷರವಿಲ್ಲ, ಗೆರೆಯಿಲ್ಲ, ಒಂದು ಚಿತ್ರವಿಲ್ಲ.
ಎಷ್ಟು ಭಾರ ಅಂತ ನೋಡಿದೆ:
ಊರಿನ ಅರ್ಧ ಜನರ ನಡಿಗೆ
ನನ್ನ ಫೋನಿನಲ್ಲಿ ಮಲಗಿರುವ ಬೆಕ್ಕಿನ
ಒಂದು ಫೋಟೋಗಿಂತ ಹಗುರ.

ಕೂಡಿಸಲು ಕ್ಯಾಲ್ಕುಲೇಟರ್ ಇದೆ ಅವಳಿಗೆ. ಹದಿನೇಳು ಗುಂಡಿ.
ಅಂಟು ಒಣಗುವ ತನಕ ಎಣಿಸಲು ಒಂದು ಗಡಿಯಾರ,
ಅದಕ್ಕೆ ಹಿಂದಕ್ಕೆ ಓಡುವುದೊಂದೇ ಗೊತ್ತು.
ಇಷ್ಟೇ. ಉಳಿದದ್ದೆಲ್ಲ ಕೈಯಲ್ಲಿ.

ಕರೆಂಟು ಹೋದರೆ? ಅಂದೆ, ವೃತ್ತಿಧರ್ಮ ಬಿಡಲಾರದೆ.
ಹೋಗಿತ್ತು, ಅಂದಳು, ಕಳೆದ ಜುಲೈಯಲ್ಲಿ.
ಒಂದು ದಿನ ಪೂರ್ತಿ ಹೋಯಿತು, ಉಳಿಸಿರಲಿಲ್ಲ.
ಆಮೇಲೆ ಕಪಾಟಿನಲ್ಲಿದ್ದ ಬೂಟುಗಳನ್ನೇ ನೋಡಿ
ಮತ್ತೆ ಬರೆದೆ.

ಅವಳು ಮೊಳೆ ತರಲು ಒಳಹೋದಾಗ
‘ಹುಡುಕು’ ಒತ್ತಿ ನನ್ನ ಹೆಸರು ಬರೆದೆ.
ಸಿಗಲಿಲ್ಲ. ಸಮಾಧಾನವೂ ಆಯಿತು, ಚುಚ್ಚಿತು ಕೂಡ.
‘ಕಂಪ್ಯೂಟರ್’ ಎಂದು ಬರೆದೆ. ಒಂದೇ ಸಾಲು.

*ಸೋಮವಾರ. ಕಂಪ್ಯೂಟರ್ ಹುಡುಗ. ಏನೋ ಹಾಕಿ ಹೋದ.*
*ಎಡಗಾಲು ಎಳೆಯುತ್ತಾನೆ. ಹಿಮ್ಮಡಿ ಹೊರಗಡೆ ಸವೆದಿದೆ.*
*ಅವನಿಗಿನ್ನೂ ಗೊತ್ತಿಲ್ಲ.*

ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.
ತುಟಿಯಲ್ಲಿ ಈಗ ಮೂರು ಮೊಳೆ.
ಕೂತುಕೋ, ಅಂದಳು. ಎಡಗಡೆಯದು ಬಿಚ್ಚು.