ನಾಲ್ಕನೆಯ ಮುಚ್ಚಳ

ಭಾನುವಾರ ಮೊಂತೆವಿದೇಯೊದಲ್ಲಿ
ದೇವರಿಗಿಂತ ಮೊದಲು ಏಳುವವರು ನಾವು, ಹಳೇ ಸಾಮಾನಿನವರು.
ಒಬ್ಬ ಬೀಗವಿಲ್ಲದ ಕೀಲಿಕೈ ಮಾರುತ್ತಾನೆ,
ಒಬ್ಬಳು ಜೋಡಿಯಿಲ್ಲದ ಕಿವಿಯೋಲೆ.
ನನ್ನದು ಚಕ್ರದ ಮುಚ್ಚಳ. ಹಬ್‌ಕ್ಯಾಪ್ ಅಂದರೂ ಆಯಿತು.
ಬೀದಿಗೆ ಹಾಸಿದ ತಾಡಪಾಲಿನ ಮೇಲೆ ಇನ್ನೂರು ಬೋರಲು ಬಟ್ಟಲು,
ಇನ್ನೂರು ಸೂರ್ಯ;
ಒಂದಕ್ಕೂ ಶಾಖವಿಲ್ಲ.

ಬಂದವಳು ಸುಲ್ಮಾ ಎಚೆವೆರಿ. ಎಪ್ಪತ್ತು ದಾಟಿದ ಹೆಂಗಸು.
ಕಂಕುಳಲ್ಲಿ ಬಿಸಿನೀರಿನ ಫ್ಲಾಸ್ಕು,
ಒಂದು ಕೈಯಲ್ಲಿ ಕಹಿಸೊಪ್ಪಿನ ಕಷಾಯದ ಬುರುಡೆ,
ಇನ್ನೊಂದರಲ್ಲಿ ಅಳತೆಗೆ ಕತ್ತರಿಸಿದ ರಟ್ಟಿನ ಚಕ್ರ.
ಅಂಚಿಗೆ ಪೆನ್ಸಿಲ್ಲಿನಲ್ಲಿ ಬರೆದಿತ್ತು: ಹಿಂದಿನ ಎಡ.

"ಅರವತ್ತಾರರ ಕೊಂಬಿ ವ್ಯಾನು," ಅಂದಳು. "ಮೂರಿವೆ. ಒಂದು ಬೇಕು."

ಇಂಥ ಗಿರಾಕಿ ಬಂದರೆ ನನಗೆ ಹಬ್ಬ.
ಅರವತ್ತಾರು ಅಂದರೆ ಹೊಟ್ಟೆ ಉಬ್ಬಿದ್ದು, ಚಪ್ಪಟೆ ಬಂದದ್ದು ಆಮೇಲೆ.
ಚಪ್ಪಟೆಯದನ್ನು ತೊಡಿಸಿದರೆ ಗಾಡಿಗೆ
ಬೇರೆಯವರ ಹಲ್ಲುಸೆಟ್ಟು ಹಾಕಿಕೊಂಡ ಮುದುಕನ ನಗು ಬರುತ್ತದೆ.
ಇದು ಹೊಸ ಅಚ್ಚಿನದು, ಮುಖ ಕಾಣುವಷ್ಟು ಹೊಳಪು,
ಮೊದಲ ಗುಂಡಿಯಲ್ಲೇ ಉದುರುತ್ತದೆ.
ಇದು ಅಸಲಿ, ಆದರೆ ನೆಗ್ಗಿದೆ. ಯಾರೋ ಚಾಕು ಹಾಕಿ ಮೀಟಿದ್ದಾರೆ.
ಇದು ಅಸಲಿ, ನೆಗ್ಗಿಲ್ಲ, ಬೆಲೆ ಕೇಳಬೇಡಿ.
ಇದಕ್ಕೆ ಬಣ್ಣ ಬಳಿದ ಪುಣ್ಯಾತ್ಮ
ಅಡುಗೆಮನೆ ಕಿಟಕಿಗೆ ಬಳಿದು ಉಳಿದದ್ದನ್ನು ಬಳಿದಿದ್ದಾನೆ.

ನನ್ನ ಪುರಾಣ ಮುಗಿಯುವ ತನಕ ಕಾದಳು.
ಆಮೇಲೆ, ಮೊಣಕಾಲು ಲಟಕ್ಕೆನಿಸಿ, ಕೂತು,
ಒಂದೊಂದನ್ನೇ ಎತ್ತಿ ಕಿವಿಯ ಹತ್ತಿರ ಹಿಡಿದು
ಬೆರಳ ಗೆಣ್ಣಿನಿಂದ ಬಡಿದಳು,
ಕಲ್ಲಂಗಡಿ ಕೊಳ್ಳುವವರ ಹಾಗೆ.

ಠಣ್. ಪಕ್ಕಕ್ಕಿಟ್ಟಳು.
ಠಣ್ಣ್ಣ್... ಅದು ಹಾಡಿತು; ಪಕ್ಕದ ಪುಸ್ತಕದವನ ನಾಯಿ ತಲೆ ಎತ್ತಿತು.
ಅದನ್ನೂ ಪಕ್ಕಕ್ಕಿಟ್ಟಳು.
ಡಬ್.
"ಇದು."

"ಸೆನ್ಯೋರಾ, ಅದು ಒಳಗೆ ಬಿರುಕು ಬಿಟ್ಟಿದೆ,
ಬೆಸುಗೆ ಹಾಕಿದ್ದಾರೆ ನೋಡಿ. ಸತ್ತ ಸದ್ದು."

"ಗೊತ್ತು," ಅಂದಳು. ಒಂದು ಗುಟುಕು ಹೀರಿ, ಹೇಳಿದಳು.

ಇಪ್ಪತ್ತೆಂಟು ವರ್ಷ ಆ ಗಾಡಿಯಲ್ಲಿ ಗೊಂಬೆಯಾಟ.
ಅವಳು, ತಂಗಿ ಡೆಲ್ಮಿರಾ, ಹನ್ನೊಂದು ಗೊಂಬೆ,
ದನಗಳ ಬಯಲಿನ ನಡುವೆ ಒಂದೇ ಕೋಣೆಯ ಶಾಲೆಗಳು.
ತಕುವಾರೆಂಬೊ ದಾರಿಯಲ್ಲಿ ಒಮ್ಮೆ
ಗುಡುಗು ಹುಟ್ಟಿಸುವ ತಗಡು ಎಲ್ಲೋ ಬಿದ್ದುಹೋಯಿತು.
ಮಕ್ಕಳು ಕೂತಾಗಿದೆ. ಮುಂದಿನದು ಬಿರುಗಾಳಿಯ ದೃಶ್ಯ.
ಡೆಲ್ಮಿರಾ ಹೊರಗೋಡಿ, ಹಿಂದಿನ ಎಡ ಚಕ್ರದ್ದನ್ನು
ಸ್ಕ್ರೂಡ್ರೈವರಿನಿಂದ ಕಿತ್ತು ತಂದು
ಮರದ ಸೌಟಿನಿಂದ ಬಾರಿಸಿದಳು.
ಮುಂದಿನ ಬೆಂಚಿನ ಹುಡುಗ ಮೇಜಿನಡಿ ಸೇರಿದ.

ಆಮೇಲೆ ಅದು ಚಕ್ರಕ್ಕೆ ಮರಳಲಿಲ್ಲ.
ಗುಡುಗಾಯಿತು, ರಾಜನ ಗುರಾಣಿಯಾಯಿತು,
ಎರಡು ತೂತು ಕೊರೆದು ದಾರ ಪೋಣಿಸಿದ ಮೇಲೆ
ಚಂದ್ರನೂ ಆಯಿತು.

ಈಗ ಗಾಡಿ ಹಡಗು ಹತ್ತುತ್ತದೆ. ಹಾಂಬುರ್ಗಿನವನೊಬ್ಬ ಕೊಂಡಿದ್ದಾನೆ,
ನಾಲ್ಕೂ ಇರಬೇಕೆಂದು ಕಾಗದದಲ್ಲಿ ಬರೆದಿದೆ.
"ಕೊಡೋಣ. ಡೆಲ್ಮಿರಾಗೆ ಸೊಂಟ ಏಳುವುದಿಲ್ಲ,
ನನಗೆ ರಾತ್ರಿ ರಸ್ತೆ ಕಾಣುವುದಿಲ್ಲ.
ಚಕ್ರಕ್ಕೇನು, ಮೂಕ ಮುಚ್ಚಳ ಸಾಕು.
ಗುಡುಗು ಮನೆಯಲ್ಲಿರಲಿ."

ನಾನೂರು ಪೆಸೊ ಅಂದೆ. ಮುನ್ನೂರೈವತ್ತು ಅಂದೆ. ಮುನ್ನೂರು.
ಚೌಕಾಸಿ ಅವಳು ಮಾಡಲಿಲ್ಲ,
ನಾನೇ ನನ್ನ ಜೊತೆ ಮಾಡಿಕೊಂಡೆ.

ಸಂಜೆ ಸಾಮಾನು ಕಟ್ಟುವಾಗ
ಪೆಟ್ಟಿಗೆಗೆ ಇಳಿಸುವ ಮೊದಲು ಒಂದೊಂದಕ್ಕೂ ಗೆಣ್ಣು ತಾಗಿಸಿದೆ.
ಇಪ್ಪತ್ತು ವರ್ಷ ಅಳೆದು ಮಾರಿದ್ದೇನೆ, ಉಜ್ಜಿ ಮಾರಿದ್ದೇನೆ,
ಕೇಳಿಸಿಕೊಂಡಿರಲಿಲ್ಲ.
"ತಲೆ ಕೆಟ್ಟಿತೇನೋ?" ಪುಸ್ತಕದವನು ಕೂಗಿದ.
ಅವನ ನಾಯಿ ಮಾತ್ರ, ಬಾಲ ಅಲ್ಲಾಡಿಸದೆ, ಗಂಭೀರವಾಗಿ,
ಹಾಡುವ ಆ ಒಂದಕ್ಕಾಗಿ
ಕಾಯುತ್ತಿತ್ತು.