ಮೂರನೆಯದು

ಮಾರ್ಚಿನ ಕೊನೆಯ ವಾರ. ವೇಲ್ಸಿನ ಚಳಿ
ಇನ್ನೂ ಬೇಲಿಯ ಮೇಲೆ ಕೂತಿತ್ತು.
ಒಂಬತ್ತಕ್ಕೆ ಬಾಗಿಲು ತಟ್ಟಿದ ಪಕ್ಕದ ಮನೆಯ ಗೆಥಿನ್,
ಮೂವತ್ತು ವರ್ಷ ಬಸ್ಸು ಓಡಿಸಿ
ಈಗ ಹಗಲು ಮಲಗುವವನು:
‘ತಪ್ಪು ತಿಳಿಯಬೇಡಿ, ಎಲುನೆಡ್,
ನಿಮ್ಮ ಅಡುಗೆಮನೆಯ ದೀಪ
ಒಂದು ಗಂಟೆ ಆರಿಸಬಹುದೆ?’

ಬೆಂಕಿಪೊಟ್ಟಣ ಕೇಳಿ ಬಂದವರುಂಟು,
ಬಲ್ಬು, ಮೇಣದಬತ್ತಿ.
ಕತ್ತಲು ಕಡ ಕೇಳಿದವನು ಇವನೊಬ್ಬನೇ.
ಕೊಟ್ಟೆ.

ಕೊಟ್ಟಮೇಲೆ ಅದೇನಾಯಿತೆಂದು ನೋಡಬೇಡವೆ?
ಕೋಟಿನೊಳಗೆ ರಾತ್ರಿಯುಡುಪು, ಕಾಲಿಗೆ ಗಂಡನ ಬೂಟು,
ಹುಲ್ಲು ದಾಟಿ ಹೋದೆ. ಅವನ ಹಿತ್ತಲಲ್ಲಿ
ಕಾಂಕ್ರೀಟು ಸುರಿಯುವ ದಪ್ಪ ರಟ್ಟಿನ ಕೊಳವೆ,
ತಳದಲ್ಲಿ ತಾನೇ ಉಜ್ಜಿದ ಹತ್ತು ಇಂಚಿನ ಕನ್ನಡಿ,
ಟಾರ್ಚಿನ ಗಾಜಿಗೆ ಮಗಳ ಕೆಂಪು ಉಗುರುಬಣ್ಣ.

‘ಸಿಂಹದ ಹಿಂದೊಡೆಯ ಕೆಳಗೆ ಮೂರು ಗ್ಯಾಲಕ್ಸಿ.
ಎರಡು ಕರೆದರೆ ಬರುತ್ತವೆ.
ಮೂರನೆಯದಕ್ಕೆ ನಾಚಿಕೆ,
ನೇರ ದಿಟ್ಟಿಸಿದರೆ ಇಲ್ಲ. ಕಡೆಗಣ್ಣಲ್ಲಿ ನೋಡಬೇಕು,
ಕಡೆಗಣಿಸದೆ.’

ಬಗ್ಗಿದೆ. ಕಪ್ಪು.
ನನ್ನದೇ ರೆಪ್ಪೆಗೂದಲು. ಮತ್ತೆ ಕಪ್ಪು.
ಆಚೆ ಗುಡ್ಡದಲ್ಲಿ ಈಯುತ್ತಿದ್ದ ಕುರಿಯ ಕೂಗು.
ಬೆನ್ನ ಹಿಂದೆ ಅವನ ಉಸಿರು ಕಾಯುತ್ತಿತ್ತು.
‘ಕಂಡಿತು’ ಅಂದೆ. ‘ಎಷ್ಟು ಚೆಂದ! ಸುರುಳಿ ಸುರುಳಿ,
ಮಧ್ಯೆ ನೀಲಿ.’

ಅವನು ನಗಲಿಲ್ಲ. ನೋಟುಬುಕ್ಕು ಬಿಡಿಸಿದ.
ಇಪ್ಪತ್ತು ವರ್ಷದ ರಾತ್ರಿಗಳು, ಪೆನ್ಸಿಲಿನಲ್ಲಿ:
ತಾರೀಖು, ಗಾಳಿ, ಇಬ್ಬನಿ,
ಲೋಟ ಮಗುಚಿ ಗೀಚಿದ ವೃತ್ತ,
ಒಳಗೆ ಬೆರಳಿಂದ ತೀಡಿದ ಮಸಿ.
ಕೆಳಗೆ: ಕಾಣಲಿಲ್ಲ. ಕಾಣಲಿಲ್ಲ. ಕಂಡಿರಬಹುದು.
ಮೋಡ. ಕಂಡಿತೋ, ಕಾಣಬೇಕೆಂಬ ಆಸೆಯೋ.
ಕಾಣಲಿಲ್ಲ.
‘ನೀಲಿ ನನಗಿನ್ನೂ ಸಿಕ್ಕಿಲ್ಲ’ ಅಂದ ಮೆಲ್ಲಗೆ.
‘ನಾಳೆಯೂ ದೀಪ ಆರಿಸಿ.’

ಕಿವಿ ಬಿಸಿಯಾದದ್ದು
ಪುಣ್ಯಕ್ಕೆ ಆ ಕತ್ತಲಲ್ಲಿ ಕಾಣಲಿಲ್ಲ.

ಹನ್ನೊಂದು ರಾತ್ರಿ. ಆರರಲ್ಲಿ ಮೋಡ,
ಮೂರರಲ್ಲಿ ಚಂದ್ರ, ಒಂದರಲ್ಲಿ ಅವನಿಗೆ ನೆಗಡಿ,
ಇನ್ನೊಂದರಲ್ಲಿ ಕನ್ನಡಿಗೆ ಇಬ್ಬನಿ ಕಟ್ಟಿ
ನನ್ನ ಹೇರ್ ಡ್ರೈಯರ್ ಹಿಡಿದು ನಿಂತೆವು,
ಹಸುಗೂಸಿನ ತಲೆ ಒಣಗಿಸುವವರ ಹಾಗೆ.

ಹನ್ನೆರಡನೆಯ ರಾತ್ರಿ, ಬ್ರೆಡ್ಡು ಮುಗಿದಿದೆಯಲ್ಲ
ಎಂದು ಯೋಚಿಸುತ್ತ
ಕಣ್ಣನ್ನು ಸುಮ್ಮನೆ ಅಂಚಿಗೆ ಬಿಟ್ಟಿದ್ದೆ.
ಅವನ ಮೊಣಕೈ ತಾಗಿ ಕೊಳವೆ ತುಸು ಅಲುಗಿತು.
ಕಪ್ಪಿನ ಮೇಲೆ ಇನ್ನೊಂದು, ಕಡಿಮೆ ಕಪ್ಪು.
ಸ್ಲೇಟಿನಲ್ಲಿ ಉಳಿದ ಬಳಪದಷ್ಟೂ ಅಲ್ಲ,
ಅದನ್ನು ಒರೆಸಿದ ಅಂಗೈಯಷ್ಟು.
ತಿರುಗಿದೆ, ಇಲ್ಲ. ಬಿಟ್ಟೆ, ಇದೆ.
ಮೂರೂವರೆ ಕೋಟಿ ವರ್ಷ ನಡೆದು ಬಂದದ್ದು
ಇಷ್ಟು ದಿನ ನನ್ನ ನಲವತ್ತು ವಾಟಿಗೆ
ಸೋಲುತ್ತಿತ್ತು, ಪಾಪ.

ನನ್ನ ಸುಳ್ಳು ಇದಕ್ಕಿಂತ ಚೆಂದವಿತ್ತು.
ಉಸಿರು ಬಿಡಲು ಮರೆತಿದ್ದೆ.

‘ಏನಾದರೂ?’ ಅಂದ ಗೆಥಿನ್.
‘ಬೂದಿ. ಉದ್ದಕ್ಕೆ,’ ಅಂದೆ. ‘ಇದ್ದರೂ ಇರಬಹುದು.’

ಟಾರ್ಚು ತಾನು ಹಿಡಿದುಕೊಂಡು
ಪೆನ್ಸಿಲು ನನ್ನ ಕೈಗೆ ಕೊಟ್ಟ.